ಮೂರನೆಯ ಬಾರಿ ನಕ್ಷೆ ಬದಲಾಗಿದೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕೇ? (ಬಸವನಗುಡಿ, ಬೆಂಗಳೂರು)

ಪ್ರಶ್ನೆ ಕೇಳಿದವರು: ತುಮಕೂರು ಟೀಚರ್

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದವಿದೆ, ದಯವಿಟ್ಟು ಪೂರ್ತಿ ಓದಿ ಉತ್ತರಿಸಿ. ಬರುವ ಭಾನುವಾರದೊಳಗೆ ನಾವು ಒಂದು ತೀರ್ಮಾನಕ್ಕೆ ಬರಬೇಕಾಗಿದೆ.

ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ನಡೆದೇ ಹೋಗಬಹುದಾದಷ್ಟು ಹತ್ತಿರ, ಹಳೆಯ ಬಂಗಲೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಜಾಗದವರದ್ದೂ ಬಿಲ್ಡರದ್ದೂ ಜಂಟಿ ಅಭಿವೃದ್ಧಿ ಒಪ್ಪಂದ, ಅಂದರೆ ಜಾಗ ಅವರದು, ಕಟ್ಟುವುದು ಇವರು, ಫ್ಲಾಟುಗಳಲ್ಲಿ ಇಬ್ಬರಿಗೂ ಪಾಲು. ಅದರಲ್ಲಿ ನಾವು ಮೊದಲನೆಯ ಮಹಡಿಯ ಎರಡು ಕೋಣೆಯ ಫ್ಲಾಟೊಂದನ್ನು ಕೊಂಡಿದ್ದೇವೆ. ನಮ್ಮ ಯಜಮಾನರಿಗೆ ಮಂಡಿ ನೋವು, ತುಮಕೂರಿನ ಮನೆಯ ಮೆಟ್ಟಿಲು ಹತ್ತಿ ಇಳಿಯುವುದು ಅವರಿಂದ ಆಗುತ್ತಿಲ್ಲ. ನನ್ನ ಅಕ್ಕ ಇರುವುದು ಅದೇ ರಸ್ತೆಯ ಕೊನೆಯಲ್ಲಿ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ಉಳಿಸಿದ ಹಣ, ಮನೆ ಮಾರಿದ ಹಣ, ಎರಡೂ ಇದಕ್ಕೇ ಹೋಗಿವೆ. ಈಗ ಬಾಡಿಗೆ ಮನೆಯಲ್ಲಿದ್ದೇವೆ.

ಕೊಳ್ಳುವಾಗ ತೋರಿಸಿದ ನಕ್ಷೆಯಲ್ಲಿ ಕೆಳಗೆ ವಾಹನ ನಿಲ್ಲಿಸಲು ಸ್ಟಿಲ್ಟ್, ಅದರ ಮೇಲೆ ನಾಲ್ಕು ಮಹಡಿ, ಒಟ್ಟು 22 ಮನೆಗಳು. ನಡುವೆ ಹಳೆಯ ಕಾಲದ ತೊಟ್ಟಿಯ ಹಾಗೆ ಒಂದು ಅಂಗಳ. ಬಂಗಲೆಯ ಹಿತ್ತಿಲಲ್ಲಿದ್ದ ಸಂಪಿಗೆ ಮರವನ್ನೂ ಬಾವಿಯನ್ನೂ ಆ ಅಂಗಳದೊಳಗೇ ಉಳಿಸಿಕೊಳ್ಳುತ್ತೇವೆ ಎಂದಿದ್ದರು. ನಮ್ಮ ಮಲಗುವ ಕೋಣೆಯ ಕಿಟಕಿಯೂ ಅಡುಗೆಮನೆಯ ಕಿಟಕಿಯೂ ಆ ಅಂಗಳಕ್ಕೆ ತೆರೆದುಕೊಳ್ಳುತ್ತಿದ್ದವು. ಬೇರೆ ಎರಡು ಕಡೆ ಇನ್ನೂ ಕಡಿಮೆ ಬೆಲೆಗೆ ಮನೆ ಸಿಗುತ್ತಿದ್ದರೂ ಇದನ್ನೇ ಆರಿಸಿಕೊಂಡದ್ದು ಆ ಕಿಟಕಿಗಳಿಗಾಗಿ. ಮನೆಯಿಂದ ಹೊರಗೆ ಹೆಚ್ಚು ಓಡಾಡಲಾಗದವರಿಗೆ ಕಿಟಕಿಯ ಬೆಲೆ ಗೊತ್ತಿರುತ್ತದೆ.

ಕಳೆದ ವರ್ಷ ವಾಟ್ಸ್ಆ್ಯಪ್‌ನಲ್ಲಿ ಎರಡನೆಯ ನಕ್ಷೆ ಬಂತು. ರಸ್ತೆಯ ಕಡೆ ಎರಡು ಮಳಿಗೆಗಳು ಸೇರಿಕೊಂಡಿದ್ದವು, ಅಂಗಳ ಅರ್ಧವಾಗಿತ್ತು. ಕೇಳಿದರೆ, "ಸಣ್ಣ ಹೊಂದಾಣಿಕೆ ಮೇಡಂ, ನಿಮ್ಮ ಮನೆಗೆ ಏನೂ ಆಗುವುದಿಲ್ಲ" ಎಂದರು. ಮರದ ಮಾತೆತ್ತಿದರೆ, ಅದನ್ನು ಬೇರು ಸಮೇತ ತೆಗೆದು ಬೇರೆ ಕಡೆ ನೆಡುತ್ತೇವೆ ಎಂದರು. ಕಾಗದದ ಮೇಲೆ ಏನನ್ನೂ ಕೊಡಲಿಲ್ಲ.

ಈ ತಿಂಗಳು ಮೂರನೆಯದು ಬಂದಿದೆ. ಏಳು ಮಹಡಿ, 36 ಮನೆಗಳು. ಅಂಗಳ ಪೂರ್ತಿ ಹೋಗಿ, ಆ ಜಾಗದಲ್ಲಿ ಕಾರುಗಳನ್ನು ಒಂದರ ಮೇಲೊಂದು ಎತ್ತಿ ನಿಲ್ಲಿಸುವ ಯಂತ್ರ ಬರುತ್ತದಂತೆ. ಮೂರೂ ನಕ್ಷೆಗಳನ್ನು ಊಟದ ಮೇಜಿನ ಮೇಲೆ ಹರಡಿ ಅಳತೆಪಟ್ಟಿ ಇಟ್ಟು ನೋಡಿದೆ. ಮೊದಲ ನಕ್ಷೆಯಲ್ಲಿ ನಮ್ಮ ಕಿಟಕಿಗಳ ಮುಂದೆ 'ಓಟಿಎಸ್' ಎಂದು ಬರೆದಿತ್ತು, ಮೇಲೆ ಆಕಾಶಕ್ಕೆ ತೆರೆದ ಜಾಗ, 20 ಅಡಿಗೆ 24 ಅಡಿ. ಮೂರನೆಯದರಲ್ಲಿ ಅದೇ ಕಿಟಕಿಗಳ ಮುಂದೆ 'ಡಕ್ಟ್' ಎಂದಿದೆ, 4 ಅಡಿಗೆ 6 ಅಡಿ. ಶೌಚದ ಕೊಳವೆಗಳನ್ನು ತೋರಿಸುವ ಪುಟ್ಟ ವೃತ್ತಗಳು ಅದರೊಳಗೇ ಇವೆ. ಅಂದರೆ ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಮೇಲಿನ ಆರು ಮಹಡಿಗಳ ಕೊಳವೆಗಳು ಎದುರಿಗೆ. ಕಿಟಕಿಯ ಅಳತೆಯನ್ನು ಮಾತ್ರ ಬದಲಿಸಿಲ್ಲ, ಹಾಗಾಗಿ "ನಿಮ್ಮ ಫ್ಲಾಟಿನಲ್ಲಿ ಯಾವ ಬದಲಾವಣೆಯೂ ಇಲ್ಲ" ಎಂದು ಅವರು ಬರೆದು ಕಳಿಸಿದ್ದಾರೆ!

ಇನ್ನೊಂದು ಸಂಗತಿ ತೋರಿಸಿಕೊಟ್ಟವರು ಅಕ್ಕನ ಮಗ. ಜಾಗ ಒಟ್ಟು 13,200 ಚದರ ಅಡಿ. 22 ಮನೆಗಳಿದ್ದಾಗ ನೆಲದಲ್ಲಿ ಒಂದೊಂದು ಮನೆಗೆ ಬರುವ ಅವಿಭಾಜ್ಯ ಪಾಲು ಸರಾಸರಿ 600 ಚದರ ಅಡಿ. 36 ಆದರೆ ಸುಮಾರು 367. ನಾವು ಕೊಟ್ಟ ಬೆಲೆ ಅಷ್ಟೇ ಇದೆ.

ಈಗ ಎಲ್ಲರಿಗೂ ಒಂದು ಪುಟದ ಒಪ್ಪಿಗೆ ಪತ್ರ ಬಂದಿದೆ. "ಸಕ್ಷಮ ಪ್ರಾಧಿಕಾರವು ಈಗ ಅಥವಾ ಮುಂದೆ ಮಂಜೂರು ಮಾಡುವ ಯಾವುದೇ ಪರಿಷ್ಕೃತ ನಕ್ಷೆಗೆ ನಮ್ಮ ಸಂಪೂರ್ಣ ಒಪ್ಪಿಗೆ ಇದೆ" ಎಂದು ಅದರಲ್ಲಿದೆ. ಭಾನುವಾರದೊಳಗೆ ಸಹಿ ಹಾಕಿ ಕೊಡದಿದ್ದರೆ ಕೆಲಸ ನಿಲ್ಲುತ್ತದೆ, ಮನೆ ಕೈಗೆ ಬರುವುದು ತಡವಾದರೆ ನಾವು ಹೊಣೆಯಲ್ಲ ಎಂದು ಕಚೇರಿಯ ಹುಡುಗ ದೂರವಾಣಿಯಲ್ಲಿ ಹೇಳಿದ. ನಾವು ಮೊದಲೇ ಸಹಿ ಮಾಡಿರುವ ಕ್ರಯದ ಒಪ್ಪಂದದಲ್ಲೂ "ಅಗತ್ಯ ಬದಲಾವಣೆ ಮಾಡುವ ಹಕ್ಕು ಬಿಲ್ಡರಿಗಿದೆ" ಎಂಬ ಸಾಲಿದೆಯಂತೆ.

ನನ್ನ ಪ್ರಶ್ನೆ ಇಷ್ಟು. ನಮ್ಮ ಸಹಿ ಅವರಿಗೆ ನಿಜವಾಗಿಯೂ ಬೇಕೇ? ಹಾಕದಿದ್ದರೆ ನಮ್ಮ ಫ್ಲಾಟನ್ನು ರದ್ದು ಮಾಡಬಹುದೇ? ಆ ಹಳೆಯ ಸಾಲು ನಮ್ಮ ಕೈ ಕಟ್ಟುತ್ತದೆಯೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ: ಕಂಬ ತೊಲೆ

ಮೇಡಂ, ನಾನು ಕಟ್ಟಡಗಳ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ಸಹಿ ಹಾಕಬೇಡಿ. ಕಾರಣ ಹೇಳುತ್ತೇನೆ.

2016ರ ರೇರಾ ಕಾಯ್ದೆಯ (ಬಿಲ್ಡರುಗಳನ್ನು ನಿಯಂತ್ರಿಸಿ ಮನೆ ಕೊಳ್ಳುವವರ ಹಿತ ಕಾಯುವ ರಿಯಲ್ ಎಸ್ಟೇಟ್ ಕಾನೂನು) 14ನೆಯ ಸೆಕ್ಷನ್ ನಿಮ್ಮಂಥವರಿಗಾಗಿಯೇ ಇದೆ. ಅದರಲ್ಲಿ ಎರಡು ಭಾಗ. ನಿಮ್ಮ ಫ್ಲಾಟಿಗೆ ಸಂಬಂಧಿಸಿದ ಬದಲಾವಣೆಗೆ ನಿಮ್ಮ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಇಡೀ ಕಟ್ಟಡದ ಮಂಜೂರಾದ ನಕ್ಷೆಯನ್ನಾಗಲಿ ಎಲ್ಲರಿಗೂ ಸೇರಿದ ಜಾಗಗಳನ್ನಾಗಲಿ ಬದಲಿಸಬೇಕಾದರೆ ಕೊಂಡವರಲ್ಲಿ ಮೂರನೆಯ ಎರಡು ಪಾಲು ಜನರ ಲಿಖಿತ ಒಪ್ಪಿಗೆ ಬೇಕು, ಅದೂ ಮುಂಚಿತವಾಗಿ. ಈ ಲೆಕ್ಕದಲ್ಲಿ ಬಿಲ್ಡರನ್ನು, ಕಾಯ್ದೆಯ ಮಾತಿನಲ್ಲಿ 'ಪ್ರವರ್ತಕ'ರನ್ನು, ಸೇರಿಸುವಂತಿಲ್ಲ. ಕಟ್ಟುವವರು ಒಬ್ಬರು, ಮಾರುವವರು ಇನ್ನೊಬ್ಬರು ಆಗಿದ್ದರೆ ಕಾಯ್ದೆಯ ವ್ಯಾಖ್ಯೆಯಂತೆ ಇಬ್ಬರೂ ಪ್ರವರ್ತಕರೇ. ಆದ್ದರಿಂದ ಜಾಗದವರ ಪಾಲಿನ ಫ್ಲಾಟುಗಳನ್ನು ತೋರಿಸಿ ಬಹುಮತ ಕಟ್ಟಲು ಹೊರಟರೆ ಆಕ್ಷೇಪಿಸಿ. ಒಂದೇ ಕುಟುಂಬದವರು ಎಷ್ಟು ಫ್ಲಾಟ್ ಕೊಂಡಿದ್ದರೂ ಒಬ್ಬರೆಂದೇ ಎಣಿಕೆ.

"ಸಣ್ಣ ಹೊಂದಾಣಿಕೆ" ಎಂಬ ಮಾತಿಗೂ ಅದೇ ಸೆಕ್ಷನ್ನಿನಲ್ಲಿ ಉತ್ತರವಿದೆ. ಸಣ್ಣ ಬದಲಾವಣೆಗೆ ಅವಕಾಶವಿದ್ದರೂ, ವಿಸ್ತೀರ್ಣ ಹೆಚ್ಚಿಸುವುದು, ಎತ್ತರ ಬದಲಿಸುವುದು, ಗೋಡೆ, ಕಂಬ, ತೊಲೆಗಳನ್ನು ಮುಟ್ಟುವುದು, ಓಡಾಡುವ ದಾರಿ ಮುಚ್ಚುವುದು ಇವು ಯಾವುವೂ ಸಣ್ಣ ಬದಲಾವಣೆ ಆಗಲಾರವು ಎಂದು ವಿವರಣೆಯಲ್ಲೇ ಬರೆದಿದೆ. ನಾಲ್ಕು ಮಹಡಿ ಏಳಾಗುವುದನ್ನು ಯಾವ ವಕೀಲರೂ ಸಣ್ಣದೆನ್ನಲಾರರು.

ಹಳೆಯ ಒಪ್ಪಂದದ ಸಾಲಿಗೆ ಹೆದರಬೇಡಿ. ಮುಂದೆ ಏನು ಮಾಡಿದರೂ ಒಪ್ಪಿಗೆ ಎಂಬಂಥ ಸಗಟು ಒಪ್ಪಿಗೆ ಸಲ್ಲದು, ಯಾವ ಬದಲಾವಣೆ ಎಂದು ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು ಬಾಂಬೆ ಹೈಕೋರ್ಟ್ 2010ರ ಮಧುವಿಹಾರ್ ಪ್ರಕರಣದಲ್ಲಿ ಹೇಳಿದೆ. ಅದು ಮಹಾರಾಷ್ಟ್ರದ ಹಳೆಯ ಫ್ಲಾಟ್ ಕಾಯ್ದೆಯಡಿ ಬಂದ ತೀರ್ಪು, ಆದರೂ ವಕೀಲರು ಅದನ್ನು ಇಂದಿಗೂ ಮುಂದಿಡುತ್ತಾರೆ. ನಿಮ್ಮ ಫ್ಲಾಟನ್ನು ಮನಬಂದಂತೆ ರದ್ದು ಮಾಡಲೂ ಆಗದು. ಒಪ್ಪಂದದ ಷರತ್ತಿಗೆ ಹೊರತಾಗಿ ರದ್ದು ಮಾಡಿದರೆ ರೇರಾ ಕಾಯ್ದೆಯ 11ನೆಯ ಸೆಕ್ಷನ್ ಅಡಿಯಲ್ಲಿ ರೇರಾ ಪ್ರಾಧಿಕಾರಕ್ಕೆ ಹೋಗಬಹುದು.

ಕಾನೂನು ಇಷ್ಟಾಯಿತು. ನನಗೆ ದಿಗಿಲಾಗುವುದು ಬೇರೆ ಕಾರಣಕ್ಕೆ. ಈಗ ಕೆಲಸ ಎಲ್ಲಿಗೆ ಬಂದಿದೆ? ಸ್ಟಿಲ್ಟಿನ ಕಂಬಗಳು ಎದ್ದಿವೆಯೇ? ಎದ್ದಿದ್ದರೆ ಅವುಗಳ ಕೆಳಗಿನ ಫೂಟಿಂಗ್ ಎಷ್ಟು ಮಹಡಿಗೆ ಲೆಕ್ಕ ಹಾಕಿ ಹಾಕಿದ್ದು? ಸ್ಟಿಲ್ಟ್ ಮತ್ತು ನಾಲ್ಕು ಮಹಡಿಗೆ ಹಾಕಿದ ತಳಪಾಯದ ಮೇಲೆ ಇನ್ನೂ ಮೂರು ಮಹಡಿ ಹೇರುವುದೆಂದರೆ ಕಂಬದ ಅಡ್ಡಳತೆ, ಒಳಗಿನ ಕಬ್ಬಿಣ, ಮಣ್ಣಿನ ತಾಳಿಕೆ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಕೆಳಗೆ ಗೋಡೆಗಳಿಲ್ಲದ ಸ್ಟಿಲ್ಟ್ ಅಂತಸ್ತು ಭೂಕಂಪದ ಸಂದರ್ಭದಲ್ಲಿ ಕಟ್ಟಡದ ದುರ್ಬಲ ಭಾಗ, ಅಲ್ಲಿನ ಕಂಬಗಳ ಬಗ್ಗೆ ರಾಜಿ ಇಲ್ಲವೇ ಇಲ್ಲ. ಮೊದಲೇ ಏಳು ಮಹಡಿಗೆ ಲೆಕ್ಕ ಹಾಕಿ ತಳಪಾಯ ಹಾಕಿದ್ದರು ಎನ್ನುವುದಾದರೆ, ನಿಮಗೆ ನಾಲ್ಕು ಮಹಡಿಯ ಕಟ್ಟಡ ಮಾರುವಾಗಲೇ ಏಳರ ಯೋಚನೆ ಇತ್ತು ಎಂದಾಯಿತು. ಎರಡರಲ್ಲಿ ಯಾವುದು ಎಂದು ಬರಹದಲ್ಲಿ ಕೇಳಿ. ಸ್ಟ್ರಕ್ಚರಲ್ ನಕ್ಷೆಯನ್ನೂ ಲೆಕ್ಕ ಹಾಕಿದ ಎಂಜಿನಿಯರರ ಸಹಿ ಇರುವ ಪ್ರಮಾಣಪತ್ರವನ್ನೂ ಕೇಳಿ.

ಬೆಂಗಳೂರಿನ ಕಟ್ಟಡ ನಿಯಮಗಳಲ್ಲಿ ಎತ್ತರ ಹೆಚ್ಚಿದಂತೆ ಸುತ್ತ ಬಿಡಬೇಕಾದ ಖಾಲಿ ಜಾಗವೂ ಹೆಚ್ಚಬೇಕು. ಮೂರನೆಯ ನಕ್ಷೆಯಲ್ಲಿ ಆ ಖಾಲಿ ಜಾಗ (ಸೆಟ್‌ಬ್ಯಾಕ್) ಮೊದಲಿನಷ್ಟೇ ಇದ್ದರೆ ಅದು ಮಂಜೂರಾಗುವ ನಕ್ಷೆಯೇ ಎಂಬುದನ್ನೇ ಮೊದಲು ನೋಡಬೇಕು. ಬಣ್ಣದ ಕಾಗದ ಬೇಡ, ಮಂಜೂರಾತಿ ಸಂಖ್ಯೆಯೂ ಮೊಹರೂ ಇರುವ ಪ್ರತಿ ಕೇಳಿ. ಅದನ್ನು ನೋಡುವುದು ಕಾಯ್ದೆಯ 19ನೆಯ ಸೆಕ್ಷನ್ ನಿಮಗೆ ಕೊಟ್ಟ ಹಕ್ಕು. ನೋಂದಣಿಯಾದ ಯೋಜನೆಯಾದರೆ ಕರ್ನಾಟಕ ರೇರಾ ಜಾಲತಾಣದಲ್ಲೂ ಹಾಕಿರಬೇಕು.

ಉತ್ತರ: ರಾಜಾಜಿನಗರ 72

ನಮ್ಮ ಕಡೆಯ ಕಟ್ಟಡದಲ್ಲೂ ಇಂಥದ್ದೇ ಆಯಿತು. ಮಕ್ಕಳು ಆಡುವ ಜಾಗವನ್ನು ತೆಗೆದು ಮಳಿಗೆ ಮಾಡಲು ಹೊರಟಿದ್ದರು. ನಾವು ಕೊಂಡವರೆಲ್ಲ ಒಬ್ಬರಿಗೊಬ್ಬರು ಅಪರಿಚಿತರು. ಬಿಲ್ಡರ್ ಒಬ್ಬೊಬ್ಬರನ್ನೇ ಕರೆಸಿ, "ಉಳಿದವರೆಲ್ಲ ಸಹಿ ಹಾಕಿದ್ದಾರೆ, ನೀವೊಬ್ಬರೇ ಬಾಕಿ" ಎನ್ನುತ್ತಿದ್ದರು. ನಿಜಕ್ಕೂ ಆಗ ಸಹಿ ಹಾಕಿದ್ದವರು ಮೂವರು. ಅದು ಗೊತ್ತಾದದ್ದು ನಮ್ಮ ಪಕ್ಕದ ಫ್ಲಾಟ್ ಕೊಂಡ ಬ್ಯಾಂಕ್ ಉದ್ಯೋಗಿಯೊಬ್ಬರು ಎಲ್ಲರ ಸಂಖ್ಯೆ ಹುಡುಕಿ ಒಂದು ಗುಂಪು ಮಾಡಿದ ಮೇಲೆ. ಆದ್ದರಿಂದ ಮೇಡಂ, ಮೊದಲು ಉಳಿದವರನ್ನು ಹುಡುಕಿ. ಫ್ಲಾಟುಗಳಲ್ಲಿ ಹೆಚ್ಚಿನವು ಮಾರಾಟವಾದ ಮೂರು ತಿಂಗಳೊಳಗೆ ಕೊಂಡವರ ಸಂಘ ಮಾಡಿಕೊಡುವುದು ಬಿಲ್ಡರನದೇ ಕರ್ತವ್ಯ. ಅವರು ಮಾಡಿಲ್ಲದಿದ್ದರೆ ನೀವೇ ಸೇರಿಕೊಳ್ಳಿ.

ಎಲ್ಲರೂ ಸೇರಿ ಒಂದೇ ಪತ್ರ ಬರೆದೆವು, ರಿಜಿಸ್ಟರ್ಡ್ ಅಂಚೆಯಲ್ಲಿ. ಆಟದ ಜಾಗ ಉಳಿಯಿತು. ಆದರೆ ಕೆಲಸ ತುಂಬಾ ನಿಧಾನವಾಯಿತು, ಅದನ್ನೂ ಹೇಳಬೇಕು. ಬೇಕೆಂದೇ ಎಳೆದರು ಎಂದು ನಮ್ಮ ಅನುಮಾನ. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಸಾಲದ ಕಂತು ಕಟ್ಟುತ್ತಿದ್ದ ಎರಡು ಕುಟುಂಬಗಳು ಬಹಳ ಕಷ್ಟಪಟ್ಟವು. ಗೆದ್ದೆವು ಎಂದು ಎದೆ ತಟ್ಟಿಕೊಳ್ಳುವಾಗ ನನಗೆ ಅವರ ಮುಖ ನೆನಪಾಗುತ್ತದೆ. ನಿಮ್ಮಲ್ಲಿ ಯಾರಿಗೆ ತಡವನ್ನು ತಾಳಿಕೊಳ್ಳುವ ಶಕ್ತಿ ಇಲ್ಲವೋ ಅವರ ಜೊತೆ ಮೊದಲು ಮಾತಾಡಿ. ಒತ್ತಡಕ್ಕೆ ಸಹಿ ಹಾಕಿಬಿಡುವವರು ಅವರೇ, ಹಾಕಿದರೆಂದು ಅವರ ಮೇಲೆ ಕೋಪಿಸಿಕೊಳ್ಳುವಂತೆಯೂ ಇಲ್ಲ.

ಉತ್ತರ: ಹಸಿರು ಮಾರ್ಗ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ತಪ್ಪು ತಿಳಿಯಬೇಡಿ ಅಮ್ಮ. ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಬರೀ 22 ಮನೆಗಳು ಏಕೆ ಇರಬೇಕು? ನಾನು ದಿನವೂ ಕನಕಪುರ ರಸ್ತೆಯ ಆಚೆಯಿಂದ ಬರುತ್ತೇನೆ. ಊರಿನ ನಡುವೆ ಮನೆಗಳಿಲ್ಲದ್ದರಿಂದಲೇ ನಮ್ಮಂಥವರು ಕೆರೆ, ತೋಟ ಕರಗಿದ ಬಡಾವಣೆಗಳಿಗೆ ಹೋಗಬೇಕಾಗಿದೆ. ಟಿಡಿಆರ್ (ಬೇರೆ ಜಾಗದವರಿಂದ ಕೊಳ್ಳುವ ಕಟ್ಟುವ ಹಕ್ಕು), ಪ್ರೀಮಿಯಂ ಎಫ್‌ಎಆರ್ (ಹಣ ಕಟ್ಟಿ ಪಡೆಯುವ ಹೆಚ್ಚುವರಿ ವಿಸ್ತೀರ್ಣ) ಇರುವುದೇ ಇಂಥ ಕಡೆ ಎತ್ತರ ಹೆಚ್ಚಿಸಲು. ಹಣ ಕಟ್ಟಿ ಹಕ್ಕು ಕೊಂಡಿದ್ದರೆ ಮೇಲೆ ಮೂರು ಮಹಡಿ ಏರಿಸುವುದು ಅಕ್ರಮವೇನಲ್ಲ. ನಕ್ಷೆ ಬದಲಾಗುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ: ಶುರು ಮಾಡುವಾಗ ಆ ಹಕ್ಕು ಕೈಯಲ್ಲಿರುವುದಿಲ್ಲ, ನಡುವೆ ಸಿಗುತ್ತದೆ. ವಿರೋಧಿಸಿ ಎರಡು ವರ್ಷ ಕಳೆಯುವ ಬದಲು, ಬೆಲೆಯಲ್ಲಿ ರಿಯಾಯಿತಿ ಕೇಳಿ ಅಥವಾ ಮೇಲಿನ ಮಹಡಿಯಲ್ಲಿ ಬೆಳಕಿರುವ ಫ್ಲಾಟ್ ಕೇಳಿ ಸಹಿ ಹಾಕುವುದು ವ್ಯಾವಹಾರಿಕ ಎನಿಸುತ್ತದೆ.

ತುಮಕೂರು ಟೀಚರ್

ತಪ್ಪು ತಿಳಿಯುವ ಮಾತೇ ಇಲ್ಲ. ನೀವು ಹೇಳಿದ್ದರಲ್ಲಿ ಅರ್ಧಕ್ಕೆ ನನ್ನ ಒಪ್ಪಿಗೆ ಇದೆ. ಊರಿನ ನಡುವೆ ಹೆಚ್ಚು ಮನೆಗಳು ಬರಲಿ. ಮೊದಲ ದಿನವೇ ಏಳು ಮಹಡಿ ಎಂದಿದ್ದರೆ ನಾವು ನೋಡಿ, ಬೇಕಿದ್ದರೆ ಕೊಳ್ಳುತ್ತಿದ್ದೆವು, ಬೇಡವಾದರೆ ಬಿಡುತ್ತಿದ್ದೆವು. ಈಗ ಆ ಆಯ್ಕೆಯೇ ಉಳಿದಿಲ್ಲ. ನಮ್ಮ ಹಣದಲ್ಲಿ ತಳಪಾಯ ಹಾಕಿ, ಕಂಬ ಎಬ್ಬಿಸಿ, ನಾವು ಹಿಂದೆ ಸರಿಯಲಾಗದ ಹಂತಕ್ಕೆ ತಂದ ಮೇಲೆ ಬೇರೆ ಕಟ್ಟಡ ತೋರಿಸುತ್ತಿದ್ದಾರೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಮೇಲಿನ ಮಹಡಿಯ ಫ್ಲಾಟ್ ಎಂದಿರಿ. ಕರೆಂಟ್ ಹೋಗಿ ಲಿಫ್ಟ್ ನಿಂತ ದಿನ ನಮ್ಮ ಯಜಮಾನರು ಆರನೆಯ ಮಹಡಿಯಿಂದ ಇಳಿಯುವುದು ಹೇಗೆ? ಮೊದಲನೆಯ ಮಹಡಿಯನ್ನು ನಾವು ಸುಮ್ಮನೆ ಆರಿಸಿದ್ದಲ್ಲ. ಹೆಚ್ಚುವರಿ 14 ಮನೆಗಳು ಬಸವನಗುಡಿಯ ಇಂದಿನ ಬೆಲೆಗೆ ಮಾರಾಟವಾಗುತ್ತವೆ, ಆ ಲಾಭ ಯಾರದು ಎಂದು ಯಾರೂ ಹೇಳುತ್ತಿಲ್ಲ. ನೆಲ ಕಡಿಮೆಯಾಗುವುದು ನಮ್ಮದು, ಬೆಳಕು ಹೋಗುವುದು ನಮ್ಮದು.

ಕಂಬ ತೊಲೆ ಸರ್, ಸ್ಟಿಲ್ಟಿನ ಕಂಬಗಳು ಎದ್ದಿವೆ, ಮೊದಲನೆಯ ತಾರಸಿಗೆ ಕಂಬಿ ಕಟ್ಟುತ್ತಿದ್ದಾರೆ. ತಳಪಾಯದ ಪ್ರಶ್ನೆ ನಮಗೆ ಯಾರಿಗೂ ಹೊಳೆದಿರಲಿಲ್ಲ. ನಿನ್ನೆ ರಾತ್ರಿ ಅದನ್ನು ಓದಿದ ಮೇಲೆ ನಿದ್ದೆ ಬರಲಿಲ್ಲ.

ಉತ್ತರ: ಎದುರು ಮನೆ

ನಾನು ಅಲ್ಲಿ ಕೊಂಡವಳಲ್ಲ. ಅದೇ ಬಡಾವಣೆಯಲ್ಲಿ, ಇಂಥದ್ದೇ ಇನ್ನೊಂದು ಕಟ್ಟಡದ ಎದುರು ವಾಸವಾಗಿರುವವಳು. ಈ ಚರ್ಚೆಯಲ್ಲಿ ನೆರೆಯವರ ಮಾತೂ ಬರಲಿ ಎಂದು ಬರೆಯುತ್ತಿದ್ದೇನೆ.

1898ರ ಪ್ಲೇಗಿನ ನಂತರ, ಗಾಳಿ ಬೆಳಕು ಇರುವ ಮನೆಗಳಲ್ಲಿ ಜನ ಬದುಕಲಿ ಎಂದೇ ರೂಪಿಸಿದ ಬಡಾವಣೆ ಇದು. ಸುತ್ತ ಜಾಗ ಬಿಟ್ಟು ಕಟ್ಟಿದ ಮನೆಗಳು, ಹಿತ್ತಿಲಲ್ಲಿ ತೆಂಗು, ಮಾವು, ಸಂಪಿಗೆ. ಒಂದೊಂದೇ ಬಂಗಲೆ ಉರುಳಿದಾಗ ನಾವು ಸುಮ್ಮನಿದ್ದೆವು, ಮಕ್ಕಳು ಹೊರದೇಶದಲ್ಲಿದ್ದಾರೆ, ವಯಸ್ಸಾದವರು ಆ ಮನೆಗಳನ್ನು ಕಾಯುವುದಾದರೂ ಹೇಗೆ ಎಂದು. ನಮ್ಮ ಎದುರಿನ ಕಟ್ಟಡವೂ ಮೊದಲು ನಾಲ್ಕು ಮಹಡಿ ಎಂದೇ ಫಲಕ ಹಾಕಿತ್ತು. ಒಂದು ಬೆಳಿಗ್ಗೆ ನೋಡಿದರೆ ಫಲಕ ಬದಲಾಗಿತ್ತು. ಯಾರೂ ಬಂದು ಒಂದು ಮಾತು ಹೇಳಲಿಲ್ಲ. ಚರಂಡಿಯ ಕೊಳವೆ ಅದೇ ಹಳೆಯದು, ಮಳೆ ಜೋರಾದರೆ ಮ್ಯಾನ್‌ಹೋಲಿನ ಮುಚ್ಚಳ ಎದ್ದು ನಿಲ್ಲುತ್ತದೆ. ಕಡಲೆಕಾಯಿ ಪರಿಷೆಯ ಸೋಮವಾರ ನಮ್ಮ ಅಡ್ಡರಸ್ತೆಯಿಂದ ಆಂಬುಲೆನ್ಸ್ ಹೊರಡಬೇಕಾದರೂ ಕಷ್ಟ. ಇನ್ನೂ ಮೂವತ್ತು ನಲವತ್ತು ಕಾರು ಬಂದರೆ?

ಸೆಕ್ಷನ್ 14ರ ಒಪ್ಪಿಗೆ ಕೊಂಡವರಿಗೆ ಮಾತ್ರ. ನಮಗೆ ಆ ಹಕ್ಕಿಲ್ಲ. ಮರದ ವಿಷಯದಲ್ಲೂ ಅಷ್ಟೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು, ಒಂದು ಸಂಪಿಗೆ ಮರಕ್ಕೆ ವೃಕ್ಷಾಧಿಕಾರಿಯ ಅನುಮತಿ ಸಾಕು. ಆದರೆ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ನಿಮ್ಮ ಮರ ಇನ್ನೂ ಇದೆಯೇ? ಇದ್ದರೆ ಅನುಮತಿ ಪತ್ರದ ಪ್ರತಿ ಇಂದೇ ಕೇಳಿ.

ನಾವು ಮಾಡಬಹುದಾದ್ದು ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ನಕ್ಷೆಗೆ ಒಂದು, ಮರಕ್ಕೆ ಇನ್ನೊಂದು ಎಂದು ಬೇರೆ ಬೇರೆಯಾಗಿ ಹಾಕಿ. ಒಟ್ಟಿಗೆ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ನಿಮ್ಮ ರಸ್ತೆಯ ನೆರೆಯವರನ್ನೂ ಜೊತೆಗೆ ಸೇರಿಸಿಕೊಳ್ಳಿ ಟೀಚರ್. ಕೊಂಡವರು ಬೇರೆ, ಊರವರು ಬೇರೆ ಎಂದು ನಿಂತರೆ ಇಬ್ಬರೂ ಸೋಲುತ್ತೇವೆ.

ಉತ್ತರ: ಸೆಕ್ಟರ್ 93

ಕೆಲಸದ ಮೇಲೆ ಒಂಬತ್ತು ವರ್ಷ ನೊಯ್ಡಾದಲ್ಲಿದ್ದೆ. ನಕ್ಷೆ ಬದಲಿಸಿದ ಬಗ್ಗೆ ಮಾತು ಬಂದಾಗ ಅಲ್ಲಿನ ಸೆಕ್ಟರ್ 93ಎ ಅವಳಿ ಗೋಪುರಗಳನ್ನು ಹೇಳದೆ ಇರಲಾಗದು. ಸೂಪರ್‌ಟೆಕ್ ಕಂಪನಿಯ ಎಮರಾಲ್ಡ್ ಕೋರ್ಟ್ ವಸತಿ ಸಮುಚ್ಚಯದಲ್ಲಿ ಮೊದಲ ನಕ್ಷೆಯಲ್ಲಿ ಹಸಿರು ಜಾಗ ಎಂದು ತೋರಿಸಿದ್ದ ಕಡೆ ನಂತರ ಪರಿಷ್ಕರಿಸಿದ ನಕ್ಷೆಗಳಲ್ಲಿ ಎರಡು ಗೋಪುರಗಳು ಬಂದವು. 2012ರ ನಕ್ಷೆಯ ವೇಳೆಗೆ ಅವುಗಳ ಎತ್ತರ 40 ಮಹಡಿಗೆ ಏರಿತ್ತು. ನಿವಾಸಿಗಳ ಒಪ್ಪಿಗೆ ಪಡೆದಿರಲಿಲ್ಲ, ಪಕ್ಕದ ಕಟ್ಟಡದಿಂದ ಬಿಡಬೇಕಾದಷ್ಟು ದೂರವನ್ನೂ ಬಿಟ್ಟಿರಲಿಲ್ಲ. ನಿವಾಸಿಗಳ ಸಂಘ ಅಲಹಾಬಾದ್ ಹೈಕೋರ್ಟಿಗೆ ಹೋಯಿತು. 2014ರ ಏಪ್ರಿಲ್‌ನಲ್ಲಿ ಕೆಡವಲು ಆದೇಶವಾಯಿತು, 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2022ರ ಆಗಸ್ಟ್ 28ರಂದು ಎರಡೂ ನೆಲಕ್ಕುರುಳಿದವು. ಸ್ಫೋಟಕವೇ 3,700 ಕಿಲೋಗೂ ಹೆಚ್ಚು ಬೇಕಾಯಿತು.

ಅಲ್ಲಿ ಅನ್ವಯವಾದದ್ದು ಉತ್ತರ ಪ್ರದೇಶದ ಅಪಾರ್ಟ್‌ಮೆಂಟ್ ಕಾಯ್ದೆ, ರೇರಾ ಅಲ್ಲ. ಹತ್ತು ವರ್ಷ ಹಿಡಿಯಿತು ಎಂಬುದನ್ನೂ ಮರೆಯಬಾರದು. ಗೋಪುರಗಳಲ್ಲಿ ಮನೆ ಕೊಂಡಿದ್ದವರಿಗೆ ಶೇ 12ರ ಬಡ್ಡಿಯೊಂದಿಗೆ ಹಣ ಮರಳಿಸಲು ಕೋರ್ಟ್ ಹೇಳಿತು. ಆ ಹೋರಾಟ ನಡೆಸಿದವರಲ್ಲಿ ಹೆಚ್ಚಿನವರು ನಿಮ್ಮ ಹಾಗೆ ನಿವೃತ್ತರು ಮೇಡಂ, ತಮ್ಮತಮ್ಮಲ್ಲೇ ಚಂದಾ ಎತ್ತಿ ವಕೀಲರನ್ನು ಇಟ್ಟುಕೊಂಡಿದ್ದರು. ಅವರ ಕೈಯಲ್ಲಿ ಇದ್ದ ದೊಡ್ಡ ಆಧಾರ ಮೊದಲ ನಕ್ಷೆ. ನಿಮ್ಮ ಊಟದ ಮೇಜಿನ ಮೇಲಿರುವ ಮೂರನ್ನೂ ಜೋಪಾನವಾಗಿಡಿ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ದಿನಾಂಕ ಕಾಣುವಂತೆ ಮುದ್ರಿಸಿಕೊಳ್ಳಿ.

ಹೊರಗೆ ಬರುವ ಮನಸ್ಸಿದ್ದರೆ ಅದಕ್ಕೂ ದಾರಿ ಇದೆ. ಒಪ್ಪಂದದ ಪ್ರಕಾರ ಮನೆ ಕೊಡಲಾಗದಿದ್ದರೆ ರೇರಾ ಕಾಯ್ದೆಯ 18ನೆಯ ಸೆಕ್ಷನ್ ಅಡಿಯಲ್ಲಿ ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು. ಕರ್ನಾಟಕದ ನಿಯಮದಲ್ಲಿ ಬಡ್ಡಿ ದರ ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್ (ಸಾಲದ ಬಡ್ಡಿಗೆ ಬ್ಯಾಂಕು ಇಟ್ಟುಕೊಳ್ಳುವ ಮೂಲ ದರ) ಮೇಲೆ ಶೇ 2. ಆದರೆ ಆದೇಶ ಸಿಗುವುದು ಒಂದು, ಹಣ ಕೈಗೆ ಬರುವುದು ಇನ್ನೊಂದು. ಬಿಲ್ಡರ್ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿಗೆ ಹೋಗಬೇಕು, ಅದು ಬಹಳ ನಿಧಾನ.

ತುಮಕೂರು ಟೀಚರ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಇವತ್ತಿನ ಸುದ್ದಿ ಹೇಳಿ ಮುಗಿಸುತ್ತೇನೆ.

ಅಕ್ಕನ ಮಗನೂ ನಾನೂ ಸೇರಿ ಕೊಂಡವರ ಪಟ್ಟಿ ಮಾಡಿದೆವು. ಬಿಲ್ಡರನ್ನೂ ಜಾಗದವರನ್ನೂ ಬಿಟ್ಟರೆ ಮಾರಾಟವಾಗಿರುವುದು 17 ಫ್ಲಾಟ್. ಅದರಲ್ಲಿ ಒಂದೇ ಕುಟುಂಬದವರು ಎರಡು ಕೊಂಡಿದ್ದಾರೆ, ಹಾಗಾಗಿ ಲೆಕ್ಕಕ್ಕೆ 16 ಜನ. ಮೂರನೆಯ ಎರಡು ಪಾಲು ಎಂದರೆ ಹತ್ತೂ ಮುಕ್ಕಾಲಿನ ಹತ್ತಿರ, ಅಂದರೆ ಅವರಿಗೆ 11 ಸಹಿ ಬೇಕು. ನಾವು ಆರು ಜನ ಗಟ್ಟಿಯಾಗಿ ನಿಂತರೆ ಉಳಿದವರೆಲ್ಲ ಒಪ್ಪಿದರೂ ಹತ್ತೇ ಆಗುತ್ತದೆ. ಈವರೆಗೆ ಏಳು ಜನ ಒಪ್ಪುವುದಿಲ್ಲ ಎಂದಿದ್ದಾರೆ. ಇಬ್ಬರು ಆಗಲೇ ಸಹಿ ಹಾಕಿಕೊಟ್ಟಿದ್ದಾರೆ. ಒಬ್ಬರು ಹುಬ್ಬಳ್ಳಿಯವರು, ಸಾಲದ ಕಂತು ತಲೆಯ ಮೇಲಿದೆ, ತಡವಾದರೆ ತಡೆಯಲಾಗದು ಎಂದು ಅತ್ತೇಬಿಟ್ಟರು. ಅವರನ್ನು ನಾನು ಒತ್ತಾಯಿಸಲಿಲ್ಲ. ರಾಜಾಜಿನಗರದವರು ಬರೆದದ್ದು ನೆನಪಿನಲ್ಲಿತ್ತು.

ಪತ್ರ ಸಿದ್ಧವಾಗಿದೆ. ಮೂರು ವಿಷಯ ಕೇಳಿದ್ದೇವೆ: ಮೊಹರು ಬಿದ್ದ ಮಂಜೂರಾತಿ ನಕ್ಷೆ, ತಳಪಾಯವನ್ನು ಎಷ್ಟು ಮಹಡಿಗೆ ಲೆಕ್ಕ ಹಾಕಲಾಗಿದೆ ಎಂಬ ಎಂಜಿನಿಯರರ ಪತ್ರ, ಮರದ ಅನುಮತಿ. ಇವು ಕೈಗೆ ಬರುವವರೆಗೂ ಏಳು ಮಹಡಿಯ ಬಗ್ಗೆ ಮಾತುಕತೆಯೇ ಇಲ್ಲ ಎಂದು ಬರೆದಿದ್ದೇವೆ. ಮುಂದೆ ಮಾತುಕತೆ ಆಗುವುದಾದರೂ ಅಂಗಳ ಉಳಿಯಬೇಕು, ನೆಲದ ಪಾಲು ಕಡಿಮೆಯಾದಷ್ಟು ಬೆಲೆ ಇಳಿಯಬೇಕು. ಒಬ್ಬೊಬ್ಬರನ್ನೇ ಕರೆಸಿ ಮಾತಾಡಿಸುವುದಕ್ಕೆ ನಾವು ಹೋಗುವುದಿಲ್ಲ.

ಎದುರು ಮನೆಯವರೇ, ಮರ ಇನ್ನೂ ಇದೆ. ಸುತ್ತ ತಗಡು ಕಟ್ಟಿದ್ದಾರೆ, ಬುಡದ ಮೇಲೆ ಜಲ್ಲಿ ಸುರಿದಿದ್ದಾರೆ. ಅಕ್ಕ ದಿನವೂ ಹೋಗಿ ನೋಡಿ ಬರುತ್ತಾರೆ.

ಈ ಕಟ್ಟಡದಲ್ಲೇ ಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ಖಾಸಗಿ ಸಂದೇಶ ಕಳಿಸಿ. ಇನ್ನೂ ನಾಲ್ಕು ಜನರ ಸಂಖ್ಯೆ ನಮಗೆ ಸಿಕ್ಕಿಲ್ಲ. ಶನಿವಾರ ಸಂಜೆ ಐದಕ್ಕೆ ಕೃಷ್ಣರಾವ್ ಪಾರ್ಕಿನಲ್ಲಿ ಸೇರುತ್ತಿದ್ದೇವೆ.

ಉತ್ತರ: ಕಂಬ ತೊಲೆ

ಶನಿವಾರ ನಾನೂ ಬರುತ್ತೇನೆ ಮೇಡಂ, ಜಯನಗರದಿಂದ ಹತ್ತಿರವೇ. ಮೂರು ನಕ್ಷೆಗಳನ್ನೂ ತನ್ನಿ. ಸಾಧ್ಯವಾದರೆ ಅದಕ್ಕೆ ಮೊದಲು ಒಮ್ಮೆ ಜಾಗಕ್ಕೆ ಹೋಗಿ ಸ್ಟಿಲ್ಟಿನ ಕಂಬಗಳ ಅಡ್ಡಳತೆಯನ್ನು ಟೇಪಿನಲ್ಲಿ ಅಳೆದು, ಫೋಟೋ ತೆಗೆದುಕೊಳ್ಳಿ. ತಾರಸಿಗೆ ಕಾಂಕ್ರೀಟ್ ಬೀಳುವ ಮೊದಲೇ ಪತ್ರ ಅವರ ಕೈ ಸೇರಬೇಕು, ಅಂಚೆಯ ಜೊತೆ ಇಮೇಲಿನಲ್ಲೂ ಇಂದೇ ಕಳಿಸಿಬಿಡಿ.